ಅಳತೆ ಸರಿಯಿತ್ತು, ಮಾತ್ರೆ ತಪ್ಪಿತ್ತು

ನಿಮ್ಮಲ್ಲಿ ಯಾರಿಗಾದರೂ ಅಕ್ಕನೋ ಅತ್ತಿಗೆಯೋ ಬಸುರಿಯಾಗಿದ್ದಾಗ ಜೊತೆಗೆ ಆಸ್ಪತ್ರೆಗೆ ಹೋಗಿ ಗೊತ್ತಿದ್ದರೆ ಒಂದು ವಿಷಯ ಗಮನಿಸಿರುತ್ತೀರಿ. ಪ್ರತಿ ಸಲವೂ ಎರಡು ಕೆಲಸ ತಪ್ಪುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುತ್ತಾರೆ. ಕೈಗೊಂದು ಪುಟ್ಟ ಡಬ್ಬಿ ಕೊಟ್ಟು ಮೂತ್ರ ತೆಗೆದುಕೊಂಡು ಬರಲು ಹೇಳುತ್ತಾರೆ. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಮೊದಲನೆಯ ಬಸಿರಿನಲ್ಲಿ ಈ ಎರಡನ್ನೂ ತಿಂಗಳುಗಟ್ಟಲೆ ಮಾಡಿಸಿಕೊಂಡೆ. ಯಾಕೆ ಎಂದು ಒಂದು ಸಲವೂ ಕೇಳಲಿಲ್ಲ. ಡಾಕ್ಟರನ್ನು ಪ್ರಶ್ನೆ ಕೇಳುವುದು ನಮ್ಮ ಮನೆಗಳಲ್ಲಿ ಅಭ್ಯಾಸವಿರಲಿಲ್ಲ, ಅಷ್ಟೆ.

ಆಮೇಲೆ ಓದಿ ತಿಳಿದುಕೊಂಡೆ. ಬಸುರಿಗೆ ಇಪ್ಪತ್ತು ವಾರ ದಾಟಿದ ಮೇಲೆ ಬಿಪಿ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ಅದು ಪ್ರಿಎಕ್ಲಾಂಪ್ಸಿಯಾ ಎಂಬ ಕಾಯಿಲೆಯ ಗುರುತು. ಹತೋಟಿ ತಪ್ಪಿದರೆ ತಾಯಿಗೆ ಫಿಟ್ಸ್ ಬರಬಹುದು, ಮೂತ್ರಪಿಂಡ, ಪಿತ್ತಜನಕಾಂಗ ಕೆಡಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಹಿಂದೆ ಇಂಗ್ಲಿಷಿನಲ್ಲಿ ಇದನ್ನು ಟಾಕ್ಸೀಮಿಯಾ ಎಂದು ಕರೆಯುತ್ತಿದ್ದರು. ರಕ್ತಕ್ಕೆ ವಿಷ ಸೇರಿದೆ ಎಂದು ಅದರ ಅರ್ಥ. ನಮ್ಮ ಅಜ್ಜಿಯರು ಬಸುರಿಯ ಕಾಲು ಮುಖ ಊದಿದರೆ 'ನಂಜು' ಎನ್ನುತ್ತಿದ್ದರು. ನಂಜು ಎಂದರೂ ವಿಷವೇ. ಬೇರೆ ಬೇರೆ ಖಂಡದ ಜನ, ಒಬ್ಬರನ್ನೊಬ್ಬರು ಕೇಳದೆ, ಒಂದೇ ಊಹೆ ಮಾಡಿದ್ದರು. ಮೈಯೊಳಗೆ ಏನೋ ಸೇರಿಕೊಂಡಿದೆ, ಅದು ಯಾವುದು ಎಂದು ಮಾತ್ರ ಗೊತ್ತಿಲ್ಲ.

ಅದು ಯಾವುದು ಎಂದು ಹುಡುಕಲು ತನ್ನ ವೃತ್ತಿಜೀವನವನ್ನೇ ಕೊಟ್ಟ ಒಬ್ಬ ಡಾಕ್ಟರ ಕಥೆ ಇವತ್ತಿನದು. ಹೆಸರು ಜಾರ್ಜ್ ವ್ಯಾನ್ ಸಿಕ್ಲೆನ್ ಸ್ಮಿತ್. ಅವರು ಮೋಸಗಾರರಲ್ಲ, ಸೋಮಾರಿಯಲ್ಲ, ದುಡ್ಡಿಗಾಗಿ ಸುಳ್ಳು ಹೇಳಿದವರೂ ಅಲ್ಲ. ಆದರೂ ಅವರು ನಂಬಿ ಹರಡಿದ ಮಾತ್ರೆಯಿಂದ ಲಕ್ಷಾಂತರ ಮನೆಗಳಿಗೆ ತೊಂದರೆಯಾಯಿತು. ಒಳ್ಳೆಯವರ ಕೈಯಿಂದ ಇದು ಹೇಗೆ ಆಯಿತು ಎಂದು ತಿಳಿದುಕೊಳ್ಳುವುದೇ ಈ ಕಥೆಯ ಪ್ರಯೋಜನ.

ಬಾಸ್ಟನ್ ನಗರಕ್ಕೆ ಅಂಟಿಕೊಂಡಂತೆ ಬ್ರೂಕ್‌ಲೈನ್ ಎಂಬ ಊರಿದೆ. ಅಲ್ಲಿ ಕೆರೆಯ ಪಕ್ಕದ ಒಂದು ಹಳೆಯ ದೊಡ್ಡ ಕಟ್ಟಡದಲ್ಲಿ ಈಗ ಜನರು ಸಂಸಾರ ಮಾಡಿಕೊಂಡಿದ್ದಾರೆ. ಹಿಂದೆ ಅದು 'ಫ್ರೀ ಹಾಸ್ಪಿಟಲ್ ಫಾರ್ ವಿಮೆನ್', ಬಡ ಹೆಂಗಸರಿಗಾಗಿ ಕಟ್ಟಿದ ಆಸ್ಪತ್ರೆ. ಅದಕ್ಕೆ ಸೇರಿದ ಫಿಯರಿಂಗ್ ಪ್ರಯೋಗಾಲಯದಲ್ಲಿ ಸ್ಮಿತ್ ದಂಪತಿ ಕೆಲಸ ಮಾಡುತ್ತಿದ್ದರು. ಜಾರ್ಜ್ ಸ್ತ್ರೀರೋಗ ತಜ್ಞರು, ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರು. ಹೆಂಡತಿ ಆಲಿವ್ ವಾಟ್ಕಿನ್ಸ್ ಸ್ಮಿತ್ ಜೀವರಸಾಯನ ತಜ್ಞೆ, ಡಾಕ್ಟರೇಟ್ ಪಡೆದವರು. ಆ ಕಾಲದಲ್ಲಿ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದ ಹೆಂಗಸರೇ ಕಡಿಮೆ. ಆದ್ದರಿಂದ ಇದನ್ನು ಒಬ್ಬರ ಸಾಧನೆ ಎಂದು ಹೇಳುವುದು ಸರಿಯಲ್ಲ, ಗಂಡ ಹೆಂಡತಿ ಸೇರಿ ಮಾಡಿದ ಕೆಲಸ.

1930ರ ದಶಕದಲ್ಲಿ ಹಾರ್ಮೋನುಗಳ ವಿದ್ಯೆ ಇನ್ನೂ ಹೊಸದು. ಈಗ ಒಂದು ತೊಟ್ಟು ರಕ್ತ ಕೊಟ್ಟರೆ ಸಂಜೆಯೊಳಗೆ ಹಾರ್ಮೋನಿನ ಲೆಕ್ಕ ಫೋನಿಗೆ ಬರುತ್ತದೆ. ಆಗ ಹಾಗಿರಲಿಲ್ಲ. ಬಸುರಿಯ ಇಡೀ ದಿನದ ಮೂತ್ರವನ್ನು ಕೂಡಿಡಬೇಕು. ಅದರಿಂದ ಹಾರ್ಮೋನನ್ನು ಬೇರ್ಪಡಿಸಿ, ಇನ್ನೂ ಪ್ರಾಯಕ್ಕೆ ಬಾರದ ಇಲಿಗಳಿಗೆ ಚುಚ್ಚಬೇಕು. ಕೆಲವು ದಿನ ಬಿಟ್ಟು ಆ ಇಲಿಗಳ ಗರ್ಭಕೋಶ ಅಥವಾ ಅಂಡಾಶಯ ಎಷ್ಟು ಬೆಳೆದಿದೆ ಎಂದು ನೋಡಬೇಕು. ಅದರ ಮೇಲೆ ಹಾರ್ಮೋನು ಎಷ್ಟಿತ್ತು ಎಂದು ಅಂದಾಜು. ಒಬ್ಬಳು ಬಸುರಿಯ ಒಂದು ದಿನದ ಲೆಕ್ಕಕ್ಕೆ ಇಷ್ಟು ಪಾಡು. ಸ್ಮಿತ್ ದಂಪತಿ ಇದನ್ನು ವರ್ಷಗಟ್ಟಲೆ ಮಾಡಿದರು.

ಅವರಿಗೆ ಒಂದು ವಿನ್ಯಾಸ ಕಾಣಿಸಿತು. ನಂಜಾಗುವ ಬಸುರಿಯರಲ್ಲಿ ಮಾಸಿನಿಂದ ಬರುವ ಒಂದು ಹಾರ್ಮೋನು ಹೆಚ್ಚಾಗಿತ್ತು. (ಮಾಸು ಎಂದರೆ ಪ್ಲಾಸೆಂಟಾ; ಹೊಟ್ಟೆಯಲ್ಲಿರುವ ಮಗುವಿಗೆ ಊಟ, ಉಸಿರು ಎರಡನ್ನೂ ಒದಗಿಸುವ ಅಂಗ.) ಆ ಹಾರ್ಮೋನನ್ನು ಈಗ ಎಚ್‌ಸಿಜಿ ಎನ್ನುತ್ತೇವೆ, ಬಸಿರು ಪರೀಕ್ಷೆಯ ಕಡ್ಡಿಯಲ್ಲಿ ಗೆರೆ ಮೂಡಿಸುವುದು ಅದೇ. ಅದು ಹೆಚ್ಚಿದ್ದಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರೋನ್ ಎಂಬ ಇನ್ನೆರಡು ಹಾರ್ಮೋನುಗಳು ಕಡಿಮೆಯಾಗಿದ್ದವು. ಎಷ್ಟೋ ಸಲ ಈ ಬದಲಾವಣೆ ಬಿಪಿ ಏರುವ ಮೊದಲೇ ಕಾಣಿಸುತ್ತಿತ್ತು.

ಇದು ಬೆಲೆಯುಳ್ಳ ಅಳತೆ. ಮಾಸು ಸೊರಗಿದರೆ ಹಾರ್ಮೋನು ಇಳಿಯುತ್ತದೆ ಎಂಬ ತಿಳಿವಳಿಕೆಯ ಮೇಲೆಯೇ ಮುಂದೆ 1960, 70ರ ದಶಕಗಳಲ್ಲಿ ಡಾಕ್ಟರುಗಳು ಮೂತ್ರದ ಈಸ್ಟ್ರೋಜೆನ್ ಅಳೆದು ಹೊಟ್ಟೆಯಲ್ಲಿರುವ ಮಗುವಿನ ಯೋಗಕ್ಷೇಮ ನೋಡುತ್ತಿದ್ದರು. ಸ್ಮಿತ್ ಅವರ ಕಣ್ಣು ತಪ್ಪಲಿಲ್ಲ. ತಪ್ಪಿದ್ದು ಮುಂದಿನ ಹೆಜ್ಜೆ. ಹಾರ್ಮೋನು ಕಡಿಮೆಯಾಗಿರುವುದರಿಂದಲೇ ಕಾಯಿಲೆ ಬರುತ್ತದೆ, ಆದ್ದರಿಂದ ಹಾರ್ಮೋನು ಹೆಚ್ಚಿಸಿದರೆ ಕಾಯಿಲೆ ಬರುವುದಿಲ್ಲ ಎಂದು ಅವರು ತೀರ್ಮಾನಿಸಿದರು.

ಬಾವಿ ಬತ್ತಿದಾಗ ಕೊಡ ಖಾಲಿ ಮೇಲೆ ಬರುತ್ತದೆ. ಖಾಲಿ ಕೊಡ ನೋಡಿ ಬಾವಿ ಬತ್ತಿದೆ ಎಂದು ಹೇಳಬಹುದು, ಅದು ಸರಿ. ಆದರೆ ಬೇರೆ ಕಡೆಯಿಂದ ನೀರು ತಂದು ಕೊಡ ತುಂಬಿಸಿಬಿಟ್ಟರೆ ಬಾವಿಗೆ ಸೆಲೆ ಬರುವುದಿಲ್ಲ.

ಅದೇ ಹೊತ್ತಿಗೆ ಕೊಡ ತುಂಬಿಸಲು ಒಂದು ಸುಲಭದ ದಾರಿ ಸಿಕ್ಕಿತು. 1938ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಡಾಡ್ಸ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಯವರು ಡೈಈಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜೆನ್ ತಯಾರಿಸಿದ್ದರು. ಚಿಕ್ಕದಾಗಿ ಡಿಇಎಸ್. ಇದು ಅಗ್ಗ, ಬಾಯಿಯಲ್ಲಿ ನುಂಗಬಹುದು. ಪೇಟೆಂಟ್ ಇರಲಿಲ್ಲವಾದ್ದರಿಂದ ಯಾವ ಕಂಪನಿ ಬೇಕಾದರೂ ತಯಾರಿಸಬಹುದಾಗಿತ್ತು. ಅನೇಕ ಕಂಪನಿಗಳು ತಯಾರಿಸಿದವು ಕೂಡ. ಎಚ್ಚರಿಕೆಯ ಗಂಟೆ ಆಗಲೇ ಬಾರಿಸಿತ್ತು. ಅದೇ 1938ರಲ್ಲಿ ಇಂಥ ಈಸ್ಟ್ರೋಜೆನ್ ಕೊಟ್ಟರೆ ಪ್ರಾಣಿಗಳಲ್ಲಿ ಆಗಷ್ಟೇ ನಿಂತ ಗರ್ಭ ಉಳಿಯುವುದಿಲ್ಲ ಎಂದು ಡಾಡ್ಸ್ ಅವರ ಗುಂಪೇ ಬರೆದಿತ್ತು. ಡಿಇಎಸ್ ಕೊಟ್ಟ ಇಲಿಗಳಿಗೆ ಸ್ತನದ ಕ್ಯಾನ್ಸರ್ ಬರುತ್ತದೆ ಎಂದು ಫ್ರಾನ್ಸಿನ ಲಾಕಸಾನ್ಯ್ ಎಂಬ ವಿಜ್ಞಾನಿ ಅದೇ ವರ್ಷ ತೋರಿಸಿದ್ದರು.

ಆದರೂ ಸ್ಮಿತ್ ದಂಪತಿಗೆ ನಂಬಿಕೆ ಬಲವಾಗಿತ್ತು. ಡಿಇಎಸ್ ಕೊಟ್ಟರೆ ಮಾಸು ತನ್ನ ಹಾರ್ಮೋನುಗಳನ್ನು ತಾನೇ ಹೆಚ್ಚು ತಯಾರಿಸುತ್ತದೆ ಎಂಬುದು ಅವರ ಸಿದ್ಧಾಂತ. ಬಸಿರಿನ ಆರೇಳನೆಯ ವಾರದಲ್ಲಿ ದಿನಕ್ಕೆ 5 ಮಿಲಿಗ್ರಾಂನಿಂದ ಶುರುಮಾಡಿ, ಮೆಲ್ಲಗೆ ಏರಿಸುತ್ತ, 35ನೆಯ ವಾರದ ಹೊತ್ತಿಗೆ ದಿನಕ್ಕೆ 125 ಮಿಲಿಗ್ರಾಂ ಮುಟ್ಟುವ ಪಟ್ಟಿಯೊಂದನ್ನು ಅವರು ಮಾಡಿದರು. ದೇಶದ ಬೇರೆ ಬೇರೆ ಊರುಗಳ ನೂರಕ್ಕೂ ಹೆಚ್ಚು ಡಾಕ್ಟರುಗಳು ಈ ಪಟ್ಟಿಯಂತೆ ಔಷಧಿ ಕೊಟ್ಟು ವರದಿ ಕಳಿಸಿದರು. 1947ರಲ್ಲಿ ಅಮೆರಿಕದ ಔಷಧ ಇಲಾಖೆ, ಅಂದರೆ ಎಫ್‌ಡಿಎ, ಬಸುರಿಯರಿಗೆ ಡಿಇಎಸ್ ಕೊಡಲು ಒಪ್ಪಿಗೆ ಕೊಟ್ಟಿತು. 1948ರಲ್ಲಿ ಆಲಿವ್ ಸ್ಮಿತ್ 632 ಬಸಿರುಗಳ ಲೆಕ್ಕ ಪ್ರಕಟಿಸಿದರು. ಹಿಂದೆ ಗರ್ಭಪಾತವಾಗಿ ನೊಂದಿದ್ದ ಎಷ್ಟೋ ಹೆಂಗಸರು ಈ ಸಲ ಮಗುವನ್ನು ಎತ್ತಿಕೊಂಡು ಮನೆಗೆ ಹೋಗಿದ್ದರು.

ಇಲ್ಲಿ ಒಂದು ನಿಮಿಷ ನಿಲ್ಲಿ. ನಿಮ್ಮಲ್ಲಿ ಎಷ್ಟೋ ಜನ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವರು. ಈ ಲೆಕ್ಕದಲ್ಲಿ ಏನು ಕೊರತೆ ಎಂದು ನಿಮಗೆ ಹೊಳೆಯಬೇಕು. ಮಾತ್ರೆ ತೆಗೆದುಕೊಂಡವರ ಕಥೆ ಇದೆ. ತೆಗೆದುಕೊಳ್ಳದವರ ಕಥೆ ಎಲ್ಲಿ? ಒಂದೆರಡು ಸಲ ಗರ್ಭಪಾತವಾದ ಹೆಂಗಸರಲ್ಲೂ ಹೆಚ್ಚಿನವರಿಗೆ ಮುಂದಿನ ಸಲ, ಯಾವ ಮಾತ್ರೆಯೂ ಇಲ್ಲದೆ, ಮಗುವಾಗುತ್ತದೆ.

ಸ್ಮಿತ್ ದಂಪತಿ ಈ ಮಾತನ್ನು ಪೂರ್ತಿ ಕಡೆಗಣಿಸಲಿಲ್ಲ. 1949ರಲ್ಲಿ ಇನ್ನೊಂದು ಅಧ್ಯಯನ ತಂದರು. ಮೊದಲ ಬಸಿರಿನ 387 ಹೆಂಗಸರಿಗೆ ಡಿಇಎಸ್, 555 ಹೆಂಗಸರಿಗೆ ಇಲ್ಲ. ಡಿಇಎಸ್ ತೆಗೆದುಕೊಂಡವರಲ್ಲಿ ನಂಜು ಕಡಿಮೆ, ಮಕ್ಕಳು ಪುಷ್ಟಿಯಾಗಿವೆ, ಮಾಸು ಕೂಡ ಹೆಚ್ಚು ಆರೋಗ್ಯವಾಗಿ ಕಾಣುತ್ತದೆ ಎಂದರು. ಆದರೆ ಎರಡನೆಯ ಗುಂಪಿಗೆ ಅವರು ಏನನ್ನೂ ಕೊಟ್ಟಿರಲಿಲ್ಲ. ಯಾರು ಮಾತ್ರೆ ನುಂಗುತ್ತಿದ್ದಾರೆ, ಯಾರು ಇಲ್ಲ ಎಂದು ಡಾಕ್ಟರಿಗೂ ಗೊತ್ತು, ಬಸುರಿಗೂ ಗೊತ್ತು. ವಿಶೇಷ ಔಷಧಿ ಕೊಡುತ್ತಿರುವ ಹೆಂಗಸನ್ನು ಡಾಕ್ಟರು ಇನ್ನಷ್ಟು ಕಾಳಜಿಯಿಂದ ನೋಡುತ್ತಾರೆ, ಮತ್ತೆ ಮತ್ತೆ ವಿಚಾರಿಸುತ್ತಾರೆ. ಮಾಸು ಚೆನ್ನಾಗಿದೆಯೇ ಎಂದು ನೋಡುವ ಕಣ್ಣಿಗೆ ಯಾರ ಮಾಸು ಎಂದು ಗೊತ್ತಿದ್ದರೆ, ಆ ಕಣ್ಣು ಬಯಸಿದ್ದನ್ನೇ ಕಾಣುತ್ತದೆ. ಇದು ಕಪಟವಲ್ಲ, ಮನುಷ್ಯರ ಸ್ವಭಾವ. ಸ್ವಂತ ಮಗನ ಹಾಡು ನಮಗೆ ಯಾವಾಗಲೂ ಶ್ರುತಿಯಲ್ಲೇ ಇರುತ್ತದೆಯಲ್ಲ, ಹಾಗೆ.

ಇದನ್ನು ಸರಿಯಾಗಿ ಪರೀಕ್ಷಿಸಿದವರು ಶಿಕಾಗೋ ವಿಶ್ವವಿದ್ಯಾಲಯದ ವಿಲಿಯಂ ಡೀಕ್‌ಮನ್. ಅವರ ಆಸ್ಪತ್ರೆಯಲ್ಲಿ 840 ಬಸುರಿಯರಿಗೆ ಡಿಇಎಸ್, 806 ಬಸುರಿಯರಿಗೆ ನೋಡಲು ಅದೇ ಥರದ ಆದರೆ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಮಾತ್ರೆ ನೋಡಿದರೆ ತಿಳಿಯುವಂತಿರಲಿಲ್ಲ. 1953ರಲ್ಲಿ ಫಲಿತಾಂಶ ಬಂತು. ಡಿಇಎಸ್‌ನಿಂದ ಗರ್ಭಪಾತ ಕಡಿಮೆಯಾಗಲಿಲ್ಲ, ನಂಜು ಕಡಿಮೆಯಾಗಲಿಲ್ಲ, ಮಕ್ಕಳು ಪುಷ್ಟಿಯಾಗಲೂ ಇಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಹೋಲಿಕೆ ಗುಂಪಿಟ್ಟುಕೊಂಡು ಮಾಡಿದ ಇನ್ನೊಂದು ಅಧ್ಯಯನವೂ ಅದೇ ಮಾತು ಹೇಳಿತು. ಎಷ್ಟೋ ವರ್ಷಗಳ ನಂತರ, 1978ರಲ್ಲಿ, ಬೇರೆ ಸಂಶೋಧಕರು ಡೀಕ್‌ಮನ್‌ರ ಅಂಕಿಗಳನ್ನೇ ಮತ್ತೆ ತೆಗೆದು ಲೆಕ್ಕ ಹಾಕಿದಾಗ, ಡಿಇಎಸ್ ಗುಂಪಿನಲ್ಲೇ ಗರ್ಭಪಾತ ಮತ್ತು ಅಕಾಲ ಹೆರಿಗೆ ಹೆಚ್ಚಾಗಿದ್ದವು ಎಂದು ಕಂಡಿತು.

ಶಿಕಾಗೋದ ಕಥೆಗೂ ಒಂದು ಕಪ್ಪು ಚುಕ್ಕೆ ಇದೆ. ತಾವು ಪ್ರಯೋಗದಲ್ಲಿದ್ದೇವೆ ಎಂದೇ ನಮಗೆ ಹೇಳಿರಲಿಲ್ಲ, ನುಂಗುತ್ತಿದ್ದ ಮಾತ್ರೆ ಏನೆಂದೂ ತಿಳಿಸಿರಲಿಲ್ಲ ಎಂದು ಆ ಹೆಂಗಸರಲ್ಲಿ ಕೆಲವರು 1970ರ ದಶಕದಲ್ಲಿ ನ್ಯಾಯಾಲಯದ ಬಾಗಿಲು ತಟ್ಟಿದರು. ಲೆಕ್ಕ ಸರಿಯಾಗಿ ಮಾಡಿದವರೂ ಕೇಳಿ ಮಾಡಬೇಕಾದ್ದನ್ನು ಕೇಳದೆ ಮಾಡಿದ್ದರು.

1953ರಲ್ಲೇ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸ್ಮಿತ್ ದಂಪತಿ ಒಪ್ಪಲಿಲ್ಲ, 1954ರಲ್ಲೂ ಹಾರ್ಮೋನು ಚಿಕಿತ್ಸೆಯನ್ನು ಸಮರ್ಥಿಸಿ ಬರೆದರು. ಇಪ್ಪತ್ತು ವರ್ಷ ಇಲಿ, ಮೂತ್ರ, ಲೆಕ್ಕ ಎಂದು ದುಡಿದವರಿಗೆ ಆ ದುಡಿಮೆಯ ಕೊನೆಯ ಮೆಟ್ಟಿಲು ಮುರಿದಿದೆ ಎಂದು ಒಪ್ಪುವುದು ಎಷ್ಟು ಕಷ್ಟವಾಗಿರಬೇಕು. ಇತ್ತ ಕಂಪನಿಗಳಿಗೆ ಮಾರಾಟ ಬೇಕು. ಮತ್ತೆ ಮತ್ತೆ ಮಗು ಕಳೆದುಕೊಂಡ ಹೆಂಗಸಿಗೆ 'ನನ್ನ ಹತ್ತಿರ ಔಷಧಿ ಇಲ್ಲ' ಎನ್ನುವುದಕ್ಕಿಂತ ಮಾತ್ರೆ ಬರೆದುಕೊಡುವುದು ಡಾಕ್ಟರುಗಳಿಗೆ ಸುಲಭ. ಯಾವ ತೊಂದರೆಯೂ ಇಲ್ಲದ ಬಸುರಿಯರಿಗೂ ಇದನ್ನು ಕೊಡಿ ಎಂಬ ಜಾಹೀರಾತುಗಳು ಡಾಕ್ಟರುಗಳು ಓದುವ ಪತ್ರಿಕೆಗಳಲ್ಲಿ ಬಂದವು. ಪ್ರಯೋಜನವಿಲ್ಲ ಎಂದು ತಿಳಿದ ಮೇಲೂ ಹದಿನೆಂಟು ವರ್ಷ ಈ ಮಾತ್ರೆ ನಡೆಯಿತು.

ಆಮೇಲೆ ಅದೇ ಬಾಸ್ಟನ್ನಿನಲ್ಲಿ ಒಂದು ವಿಚಿತ್ರ ಕಂಡಿತು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ 1966ರಿಂದ 1969ರ ಒಳಗೆ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗಿಯರು ಯೋನಿಯ ಒಂದು ಅಪರೂಪದ ಕ್ಯಾನ್ಸರ್ ಹೊತ್ತು ಬಂದರು. ಅಷ್ಟು ಎಳೆ ವಯಸ್ಸಿನವರಲ್ಲಿ ಆ ಕ್ಯಾನ್ಸರನ್ನು ಡಾಕ್ಟರುಗಳು ನೋಡಿದ್ದೇ ಇಲ್ಲವೆನ್ನುವಷ್ಟು ಕಡಿಮೆ. ಕಾರಣ ಹೊಳೆಯಲಿಲ್ಲ. ಆಗ ಒಬ್ಬಳು ಹುಡುಗಿಯ ತಾಯಿ ಡಾ. ಹೋವರ್ಡ್ ಉಲ್‌ಫೆಲ್ಡರ್ ಅವರನ್ನು ಕೇಳಿದಳು: ಇವಳು ಹೊಟ್ಟೆಯಲ್ಲಿದ್ದಾಗ ನಾನು ಸ್ಟಿಲ್ಬೆಸ್ಟ್ರಾಲ್ ತೆಗೆದುಕೊಂಡಿದ್ದೆ, ಅದರಿಂದ ಆಗಿರಬಹುದೇ? ಮೊದಲು ಯಾರೂ ಅದನ್ನು ಯೋಚಿಸಿರಲಿಲ್ಲ. ಆಮೇಲೆ ಉಳಿದ ತಾಯಂದಿರನ್ನೂ ಕೇಳಿ ನೋಡಿದರು.

ಆರ್ಥರ್ ಹರ್ಬ್ಸ್ಟ್, ಉಲ್‌ಫೆಲ್ಡರ್ ಮತ್ತು ಡೇವಿಡ್ ಪಾಸ್ಕಾನ್ಸರ್ 1971ರ ಏಪ್ರಿಲ್‌ನಲ್ಲಿ ಲೇಖನ ಪ್ರಕಟಿಸಿದರು. ಎಂಟು ಹುಡುಗಿಯರಲ್ಲಿ ಏಳು ಜನರ ತಾಯಂದಿರು ಬಸಿರಿನಲ್ಲಿ ಡಿಇಎಸ್ ನುಂಗಿದ್ದರು. ಹೋಲಿಕೆಗೆ ಆರಿಸಿಕೊಂಡ 32 ಆರೋಗ್ಯವಂತ ಹುಡುಗಿಯರ ತಾಯಂದಿರಲ್ಲಿ ಒಬ್ಬರೂ ನುಂಗಿರಲಿಲ್ಲ. ನೋಡಿ, ಬರೀ ಎಂಟು ಜನ. ಆದರೆ ಪಕ್ಕದಲ್ಲಿ ಹೋಲಿಕೆ ಇತ್ತು. 632 ಜನರ ಲೆಕ್ಕ ದಾರಿ ತಪ್ಪಿಸಿತು, ಎಂಟು ಜನರ ಲೆಕ್ಕ ದಾರಿ ತೋರಿಸಿತು.

ಆ ವರ್ಷದ ನವೆಂಬರ್‌ನಲ್ಲಿ ಬಸುರಿಯರಿಗೆ ಡಿಇಎಸ್ ಕೊಡಬಾರದು ಎಂದು ಎಫ್‌ಡಿಎ ಡಾಕ್ಟರುಗಳಿಗೆ ತಿಳಿಸಿತು. ಅಷ್ಟರಲ್ಲಿ ಅಮೆರಿಕದಲ್ಲಿ ತಾಯಂದಿರು, ಹೊಟ್ಟೆಯಲ್ಲಿದ್ದ ಮಕ್ಕಳು ಸೇರಿ 50 ಲಕ್ಷದಿಂದ 1 ಕೋಟಿ ಜನರಿಗೆ ಇದು ತಾಗಿತ್ತು ಎಂಬ ಅಂದಾಜಿದೆ. ಆ ಕ್ಯಾನ್ಸರ್ ಬಂದದ್ದು ಸುಮಾರು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ. ಆದರೆ ಇನ್ನೂ ಎಷ್ಟೋ ಜನರ ಗರ್ಭಕೋಶದ ಆಕಾರವೇ ಬದಲಾಗಿತ್ತು, ಅವರಿಗೆ ಬಸಿರು ನಿಲ್ಲುವುದು, ದಿನ ತುಂಬುವುದು ಕಷ್ಟವಾಯಿತು. ತಾಯಿಯ ಗರ್ಭ ಉಳಿಸಲು ಕೊಟ್ಟ ಮಾತ್ರೆ ಮಗಳ ಗರ್ಭಕ್ಕೆ ತೊಡಕಾಯಿತು. ಆ ಹೆಣ್ಣುಮಕ್ಕಳು ತಾವೇ ಸಂಘಟನೆ ಕಟ್ಟಿ, ತಮ್ಮಂಥವರನ್ನು ಹುಡುಕಿ, ತಪಾಸಣೆ ಮಾಡಿಸಿಕೊಳ್ಳಿ ಎಂದು ಎಚ್ಚರಿಸಿದರು.

ಹಾಗಾದರೆ ನಂಜಿನ ಕಾರಣ? ಆ ಹುಡುಕಾಟ ನಿಲ್ಲಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಅದೇ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯಲ್ಲಿ, ಹಳೆಯ ಫ್ರೀ ಹಾಸ್ಪಿಟಲ್ ಕಟ್ಟಡಕ್ಕೆ ಹತ್ತಿರದಲ್ಲೇ, ಭಾರತದಿಂದ ಬಂದ ಮೂತ್ರಪಿಂಡ ತಜ್ಞ ಅನಂತ್ ಕರುಮಂಚಿ ಅದನ್ನು ಕೈಗೆತ್ತಿಕೊಂಡರು. ಸೊರಗಿದ ಮಾಸು ತಾಯಿಯ ರಕ್ತಕ್ಕೆ ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ವಿಪರೀತ ಬಿಡುತ್ತದೆ, ರಕ್ತನಾಳಗಳನ್ನು ಆರೋಗ್ಯವಾಗಿಡುವ ಪದಾರ್ಥಗಳನ್ನು ಅದು ಹಿಡಿದುಹಾಕುತ್ತದೆ ಎಂದು ಅವರ ಗುಂಪು ಕಂಡುಕೊಂಡಿತು. ಸ್ಮಿತ್ ದಂಪತಿಯಂತೆ ಇವರಿಗೂ ರಕ್ತದಲ್ಲಿ ಒಂದು ವ್ಯತ್ಯಾಸ ಕಂಡಿತು. ಆದರೆ ಇವರು ನೇರವಾಗಿ ಔಷಧಿಗೆ ಹೋಗಲಿಲ್ಲ. ಇದು ಕಾರಣವೋ ಬರೀ ಗುರುತೋ ಎಂದು ಕೇಳಿಕೊಂಡರು. ಆ ಪ್ರೋಟೀನನ್ನು ಬಸಿರಿನ ಇಲಿಗಳ ಮೈಯಲ್ಲಿ ಹೆಚ್ಚಿಸಿದಾಗ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದಲ್ಲಿ ಬಸುರಿಯರಲ್ಲಿ ಕಾಣುವಂಥದೇ ಬದಲಾವಣೆಯಾಯಿತು. ಶರನ್ ಮೇನಾರ್ಡ್ ಮೊದಲ ಹೆಸರಾಗಿ ಆ ಲೇಖನ 2003ರಲ್ಲಿ ಬಂತು. ಮರುವರ್ಷ, ಹಳೆಯ ಅಧ್ಯಯನವೊಂದಕ್ಕಾಗಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳನ್ನು ನೋಡಿದಾಗ, ಕಾಯಿಲೆ ಕಾಣಿಸುವ ಸುಮಾರು ಐದು ವಾರ ಮೊದಲೇ ಅದು ಏರತೊಡಗುತ್ತದೆ ಎಂದು ತಿಳಿಯಿತು. ಇದನ್ನು ಆಧರಿಸಿದ ರಕ್ತಪರೀಕ್ಷೆಗೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2023ರಲ್ಲಿ. ಇಪ್ಪತ್ತು ವರ್ಷ ಹಿಡಿಯಿತು. ಅಷ್ಟಾದರೂ ಅದು ಪರೀಕ್ಷೆಯೇ ಹೊರತು ಔಷಧಿಯಲ್ಲ. ಪ್ರಿಎಕ್ಲಾಂಪ್ಸಿಯಾಕ್ಕೆ ಇವತ್ತಿಗೂ ಪೂರ್ತಿ ಪರಿಹಾರವೆಂದರೆ ಹೆರಿಗೆ ಮಾಡಿಸುವುದೇ.

ಅಂದರೆ ಏನೂ ಇಲ್ಲ ಎಂದಲ್ಲ. ಫಿಟ್ಸ್ ತಡೆಯಲು ಅಗ್ಗದ ಮೆಗ್ನೀಸಿಯಂ ಸಲ್ಫೇಟ್ ಬೇರೆ ಔಷಧಿಗಳಿಗಿಂತ ಮೇಲು ಎಂದು 1995ರಲ್ಲಿ ಖಚಿತವಾಯಿತು. ಭಾರತವೂ ಸೇರಿದಂತೆ ಹಲವು ದೇಶಗಳ 1,687 ಹೆಂಗಸರ ಮೇಲೆ ನಡೆದ ಹೋಲಿಕೆಯ ಅಧ್ಯಯನದಿಂದ ಅದು ಗೊತ್ತಾದದ್ದು. ಅಪಾಯ ಹೆಚ್ಚಿರುವವರಿಗೆ ಬಸಿರಿನ ಮೊದಲ ತಿಂಗಳುಗಳಿಂದಲೇ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಉಪಯೋಗವಿದೆ ಎಂಬುದೂ ಹಾಗೆಯೇ, ಖಾಲಿ ಮಾತ್ರೆಯ ಪಕ್ಕದಲ್ಲಿಟ್ಟು ನೋಡಿಯೇ ತಿಳಿದದ್ದು.

ನಾನು ಕನ್ನಡ ಓದಿದವಳು, ವಿಜ್ಞಾನದವಳಲ್ಲ. ಆದರೂ ಈ ಕಥೆಯನ್ನು ನಿಮಗೇ ಹೇಳಬೇಕೆನಿಸಿತು. ನಿಮ್ಮಲ್ಲಿ ಹಲವರು ಡಾಕ್ಟರಾಗಲು ಹೊರಟವರು. ಒಂದು ದಿನ ನಿಮ್ಮ ಮುಂದೆ ಅಳುತ್ತ ಕೂತ ಒಬ್ಬಳಿಗೆ ಏನಾದರೂ ಕೊಡಲೇಬೇಕು ಎನ್ನಿಸುತ್ತದೆ. ಆಗ ಜಾರ್ಜ್ ಸ್ಮಿತ್ ನೆನಪಾಗಲಿ. ಅವರಿಗೆ ಮರುಕ ಕಡಿಮೆಯಿರಲಿಲ್ಲ, ದುಡಿಮೆ ಕಡಿಮೆಯಿರಲಿಲ್ಲ. ಮಾತ್ರೆ ಕೊಡದಿದ್ದರೆ ಏನಾಗುತ್ತಿತ್ತು ಎಂಬ ಒಂದು ಪ್ರಶ್ನೆಯನ್ನು ಅವರು ಕಟ್ಟುನಿಟ್ಟಾಗಿ ಕೇಳಿಕೊಳ್ಳಲಿಲ್ಲ. ಬೇರೆಯವರು ಕೇಳಿ ಉತ್ತರ ತಂದಾಗ ಅದನ್ನು ಒಪ್ಪಿಕೊಳ್ಳಲೂ ಆಗಲಿಲ್ಲ.

ಡಾಕ್ಟರಾಗದವರಿಗೂ ಒಂದು ಮಾತು. ಆ ಕ್ಯಾನ್ಸರಿನ ಕಾರಣ ಮೊದಲು ಹೊಳೆದದ್ದು ಡಾಕ್ಟರಿಗಲ್ಲ, ಒಬ್ಬ ತಾಯಿಗೆ. ಅವಳು ಸಂಕೋಚಪಟ್ಟು ಸುಮ್ಮನಿದ್ದಿದ್ದರೆ ಇನ್ನೆಷ್ಟು ವರ್ಷ ಆ ಮಾತ್ರೆ ನಡೆಯುತ್ತಿತ್ತೋ. ನನ್ನಂಥ ಅಮ್ಮಂದಿರು ಡಾಕ್ಟರ ಮುಂದೆ ಕೂತಾಗ ಇಂಗ್ಲಿಷ್ ತಡವರಿಸುತ್ತದೆ, ಎಲ್ಲದಕ್ಕೂ ತಲೆಯಾಡಿಸಿ ಎದ್ದು ಬರುತ್ತೇವೆ. ಮುಂದಿನ ಸಲ ನೀವು ಜೊತೆಗೆ ಬನ್ನಿ. 'ಇದು ಯಾಕೆ, ತೆಗೆದುಕೊಳ್ಳದಿದ್ದರೆ ಏನಾಗುತ್ತದೆ' ಎಂದು ನಮ್ಮ ಪರವಾಗಿ ಮರ್ಯಾದೆಯಿಂದಲೇ ಕೇಳಿ. ಒಳ್ಳೆಯ ಡಾಕ್ಟರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.